ಮೊದಲ ತಿರುವಿನ ಮಣ್ಣು

ಎಲ್ಡನ್ ಮಿಶೋ ತನ್ನ ಜೀವಮಾನದಲ್ಲಿ ಬರೆದ ಅತಿ ಉದ್ದದ ಕಾಗದ ಒಂದೂವರೆ ಪುಟದ್ದು. ಬರೆದು ಮುಗಿಸಲು ಮೂರು ದಿನ ಹಿಡಿಯಿತು. ಅಡುಗೆಮನೆಯ ಮೇಜಿನ ಮೇಲೆ ಕೂತು, ಒಂದೊಂದು ವಾಕ್ಯವನ್ನೂ ಹೆಂಡತಿ ಕ್ಲೋಡೆಟ್‌ಗೆ ಓದಿ ಹೇಳಿ, ಅವಳು ತಲೆಯಾಡಿಸಿದ ಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದ. ಕಾರ್ವರ್ ಫಾಲ್ಸ್‌ನ ಕುದುರೆ ಟ್ರ್ಯಾಕಿನ ಮೊದಲ ತಿರುವಿನಲ್ಲಿ ನೆಲ ಕುಸಿಯುತ್ತಿದೆ, ಅಡಿಯಲ್ಲಿ ನೀರು ನಿಂತಿದೆ, ಹೋದ ತಿಂಗಳು ಒಂದು ಕುದುರೆ ಅಲ್ಲಿ ಮುಗ್ಗರಿಸಿ ಅದರ ಗಾಡಿ ಮಗುಚಿ ಓಡಿಸುವವನ ಹೆಗಲ ಮೂಳೆ ಮುರಿಯಿತು, ಹೊಸ ಜೇಡಿಮಣ್ಣು ಹಾಕಿ ದುರಸ್ತಿ ಮಾಡದಿದ್ದರೆ ಇನ್ನೂ ದೊಡ್ಡ ಅನಾಹುತ ಆಗುತ್ತದೆ ಎಂದು ಅದರಲ್ಲಿ ಬರೆದಿದ್ದ. ಕೆಳಗೆ ಸಹಿ, ಅದರ ಕೆಳಗೆ 'ಟ್ರ್ಯಾಕ್ ಮೇಲ್ವಿಚಾರಕ, ಮೂವತ್ತೊಂಬತ್ತು ವರ್ಷದಿಂದ' ಎಂಬ ಸಾಲು. ಆ ಕೊನೆಯ ಸಾಲು ಕ್ಲೋಡೆಟ್ ಹೇಳಿ ಬರೆಸಿದ್ದು.

ಆ ಟ್ರ್ಯಾಕನ್ನು ಅಗೆದವನು ಅವನ ಅಪ್ಪ ಅಲ್ಫಾನ್ಸ್. ಬಾಸ್ಟನ್‌ನಿಂದ ಉತ್ತರಕ್ಕೆ ನಾಲ್ಕು ಗಂಟೆ ದೂರದ ಆ ಊರಿನಲ್ಲಿ ಆಗ ಇದ್ದದ್ದು ಒಂದು ನದಿ, ಒಂದು ಬೂಟು ಕಾರ್ಖಾನೆ, ಎರಡು ಚರ್ಚು. ಎರಡನೇ ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಕಾರ್ಖಾನೆಯ ಜನ ಭಾನುವಾರದ ಪೂಜೆ ಮುಗಿಸಿ ನೇರವಾಗಿ ಸನಿಕೆ ಹಿಡಿದು ಹಳೆಯ ಆಲೂಗಡ್ಡೆ ಹೊಲಕ್ಕೆ ಬರುತ್ತಿದ್ದರು. ನದಿಯ ತಿರುವಿನಿಂದ ಜೇಡಿಮಣ್ಣು ಹೊತ್ತು, ಅದರ ಮೇಲೆ ಸುಣ್ಣಕಲ್ಲಿನ ಪುಡಿ ಹರಡಿ, ಅರ್ಧ ಮೈಲಿಯ ಸುತ್ತು ಸಿದ್ಧವಾಗಲು ಎರಡು ಬೇಸಿಗೆ ಹಿಡಿಯಿತು. ಮೂವತ್ತು ವರ್ಷ ಅಲ್ಲಿ ಎಂಥ ಜಾತ್ರೆ! ಮಧ್ಯಾಹ್ನ ಮೂರಕ್ಕೆ ಪಾಳಿ ಬಿಟ್ಟ ಕೂಡಲೇ ಕೈಗೆ ಅಂಟಿದ ಗೋಂದನ್ನೂ ತೊಳೆಯದೆ ಜನ ಇಳಿಜಾರಿನಲ್ಲಿ ಓಡಿ ಬರುತ್ತಿದ್ದರು. ಕುದುರೆಗಳು ನಾಗಾಲೋಟಕ್ಕೆ ಬೀಳುವಂತಿಲ್ಲ, ಹದವಾದ ಹೆಜ್ಜೆಯಲ್ಲೇ ಗಾಳಿಯಂತೆ ಹೋಗಬೇಕು. ಹಿಂದೆ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಗಂಡಸು. ಆ ಗಂಡಸರಲ್ಲಿ ಅರ್ಧದಷ್ಟು ಜನ ಬೆಳಿಗ್ಗೆ ಅದೇ ಕಾರ್ಖಾನೆಯಲ್ಲಿ ಹಿಮ್ಮಡಿಗೆ ಮೊಳೆ ಹೊಡೆದು ಬಂದವರು. ಹಾಗಾಗಿ ಗ್ಯಾಲರಿಯ ಜನ ಕುದುರೆಯ ಹೆಸರು ಕೂಗುತ್ತಿರಲಿಲ್ಲ, ಅವರ ಹೆಸರು ಕೂಗುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಬೂಟು ಕಾರ್ಖಾನೆ ಮುಚ್ಚಿತು. ಎಲ್ಡನ್ ಅಪ್ಪನಿಂದ ಕೆಲಸ ವಹಿಸಿಕೊಂಡು ಆಗಿನ್ನೂ ಎರಡೇ ವರ್ಷವಾಗಿತ್ತು. ಅಲ್ಲಿಂದ ಮುಂದೆ ಪ್ರತಿವರ್ಷ ಗ್ಯಾಲರಿಯ ಒಂದೊಂದು ಸಾಲು ಖಾಲಿಯಾಗುವುದನ್ನು ಅವನು ಟ್ರ್ಯಾಕ್ಟರಿನ ಮೇಲಿನಿಂದಲೇ ನೋಡಿದ. ಎರಡು ಓಟಗಳ ನಡುವೆ ಕುಂಟೆ ಹೊಡೆದು ನೆಲ ಸಮ ಮಾಡುವುದು ಅವನ ಕೆಲಸ. ಮೊದಲು ಅವನ ಟ್ರ್ಯಾಕ್ಟರು ಬಂದರೆ ಜನ ಬೇಕೆಂದೇ ಸಿಳ್ಳೆ ಹೊಡೆದು, "ಎಲ್ಡನ್, ಕೊನೆಗೆ ಬಂದರೂ ಬಹುಮಾನ ಕೊಡ್ತಾರೇನೋ, ಓಡಿಸು" ಎಂದು ರೇಗಿಸುತ್ತಿದ್ದರು. ಆಮೇಲೆ ರೇಗಿಸುವವರೂ ಇಲ್ಲವಾದರು.

ಕ್ಯಾಸಿನೊ ಕಂಪನಿಯವರು ಬಂದದ್ದು ಎರಡು ಸಾವಿರದ ಮೂರರಲ್ಲಿ. ಟ್ರ್ಯಾಕಿನ ಪಕ್ಕದಲ್ಲಿ ಜೂಜಿನ ಯಂತ್ರಗಳ ಮನೆ ಕಟ್ಟುತ್ತೇವೆ, ಅದರ ಲಾಭದಲ್ಲಿ ಒಂದು ಪಾಲು ಕುದುರೆಗಳಿಗೆ, ಕುದುರೆ ಓಡಿದರೆ ಮಾತ್ರ ಯಂತ್ರ ತಿರುಗಬೇಕೆಂದು ಕಾನೂನೇ ಆಗುತ್ತದೆ ಎಂದರು. ಊರಿನವರು ಮತ ಹಾಕಿ ಒಪ್ಪಬೇಕಿತ್ತು. ಎಲ್ಡನ್ ಮನೆಮನೆ ಸುತ್ತಿದ. ಅವನು ಎಂದೂ ರಾಜಕೀಯದ ಗೋಜಿಗೆ ಹೋದವನಲ್ಲ. ಬಾಗಿಲು ತೆರೆದವರ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಟ್ರ್ಯಾಕು ಉಳೀಬೇಕು ಅಂದ್ರೆ ಇದೊಂದೇ ದಾರಿ" ಎನ್ನುವುದಷ್ಟೇ ಅವನಿಗೆ ಗೊತ್ತಿದ್ದ ಭಾಷಣ.

ಒಪ್ಪದೆ ಉಳಿದವಳು ಬರ್ಟಿ ಥೈಯರ್. ಅವಳೊಬ್ಬಳ ಒಪ್ಪಿಗೆ ಅರ್ಧ ಊರಿನ ಒಪ್ಪಿಗೆಗೆ ಸಮ. ಎಲ್ಡನ್‌ಗಿಂತ ಹತ್ತು ವರ್ಷ ದೊಡ್ಡವಳು. ಮದುವೆಯಾಗದೆ, ಅಪ್ಪ ಬಿಟ್ಟುಹೋದ ಲಾಯದಲ್ಲೇ ಬದುಕು ಕಳೆದವಳು. ಗಂಡಸರು ಮಾತ್ರ ಗಾಡಿ ಓಡಿಸುತ್ತಿದ್ದ ಕಾಲದಲ್ಲಿ ತಾನೇ ಕೂತು ಓಡಿಸಿ ಗೆದ್ದು, ಅವರ ಬಾಯಿ ಮುಚ್ಚಿಸಿದವಳು. ಎಲ್ಡನ್‌ಗೆ ಲಗಾಮು ಹಿಡಿಯುವುದನ್ನು ಕಲಿಸಿದವಳೂ ಅವಳೇ. ಅವನು ಹೋದಾಗ ಅವಳು ಒಂದು ಕುದುರೆಯ ಕಾಲಿಗೆ ಪಟ್ಟಿ ಸುತ್ತುತ್ತಾ ಕೂತಿದ್ದಳು.

"ನೀನೂ ಶುರು ಮಾಡಿದ್ಯಾ? ಹೇಳು, ಕೇಳ್ತೀನಿ. ಕಿವಿ ಇನ್ನೂ ಇದೆ ನಂಗೆ."

"ಹೇಳೋಕೇನಿದೆ ಬರ್ಟಿ. ಹೋದ ಶನಿವಾರ ಗ್ಯಾಲರಿಯಲ್ಲಿ ಎಷ್ಟು ಜನ ಇದ್ರು, ನೀನೇ ನೋಡಿದ್ಯಲ್ಲ."

"ನೋಡ್ದೆ. ಅದರಲ್ಲಿ ಇಬ್ರು ನಿದ್ದೆ ಮಾಡ್ತಿದ್ರು."

"ಮತ್ತೆ?"

"ಮತ್ತೇನು? ಸಾಯೋದಾದ್ರೆ ನಮ್ಮ ಮನೇಲೇ ಸಾಯೋಣ. ಅವರ ಮನೆಗೆ ಹೋಗಿ ಯಾಕೆ? ಆ ಮಷೀನಿಗೆ ಹುಲ್ಲು ಬೇಡ, ಲಾಳ ಬೇಡ, ಕಾಲು ನೋವು ಬರಲ್ಲ. ನಾಳೆ ಅವರು ಲೆಕ್ಕ ಹಾಕಿದ್ರೆ ಯಾರನ್ನ ಇಟ್ಕೋತಾರೆ, ಯಾರನ್ನ ಬಿಡ್ತಾರೆ? ನೀನೇ ಹೇಳು."

"ಕಾನೂನಲ್ಲಿ ಬರೀತಾರಂತೆ. ಕುದುರೆ ಇಲ್ದೆ ಮಷೀನು ಇಲ್ಲ ಅಂತ."

"ಬರೆದಿದ್ದನ್ನ ಅಳಿಸೋಕೆ ಬರಲ್ವಾ ಅವರಿಗೆ?"

ಎಲ್ಡನ್, "ನಿಂಗೆ ಐವತ್ತೆಂಟು, ನಂಗೆ ನಲವತ್ತೆಂಟು. ನಮಗೆ ಬೇರೆ ಏನು ಬರುತ್ತೆ ಮಾಡೋಕೆ?" ಎಂದ. ಬರ್ಟಿ ಪಟ್ಟಿಯ ತುದಿಗೆ ಪಿನ್ನು ಚುಚ್ಚಿ, ಕುದುರೆಯ ಮಂಡಿ ಹಿಡಿದುಕೊಂಡೇ ಮೇಲೆದ್ದಳು. "ನೀನು ಮಾತು ಕೊಡ್ತೀಯಾ?" ಎಂದಳು. ಅವನು ಕೊಟ್ಟ. ಯಾವ ಅಧಿಕಾರದಿಂದ ಕೊಟ್ಟೆ ಎಂದು ಆಗ ಅವನೂ ಯೋಚಿಸಲಿಲ್ಲ, ಅವಳೂ ಕೇಳಲಿಲ್ಲ.

ಪುರಭವನದ ಸಭೆಯಲ್ಲಿ ಬರ್ಟಿ ಎದ್ದು ನಿಂತು ನಾಲ್ಕೇ ಮಾತಾಡಿದಳು. "ನಂಗೆ ಇದು ಇಷ್ಟ ಇಲ್ಲ. ಆದ್ರೂ ಹೌದು ಅಂತ ಹಾಕ್ತೀನಿ. ಎಲ್ಡನ್ ಮಿಶೋ ಸುಳ್ಳು ಹೇಳಿದ್ದು ನಾನು ನೋಡಿಲ್ಲ." ಊರು ಒಪ್ಪಿತು.

ಮೊದಲ ಆರು ವರ್ಷ ಅವನು ಕೊಟ್ಟ ಮಾತು ನಿಂತಿತು. ಲಾಯಗಳಿಗೆ ಹೊಸ ಬಣ್ಣ ಬಂತು. ಕೆನಡಾದ ಕಡೆಯಿಂದಲೂ ಕುದುರೆಗಳು ಬಂದವು. ಕ್ಲೋಡೆಟ್‌ಗೆ ಕ್ಯಾಸಿನೊದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಶನಿವಾರದ ಬೀನ್ಸ್ ಮತ್ತು ಕಂದು ಬ್ರೆಡ್ಡನ್ನು ಅವಳು ಈಗ ಇನ್ನೂರು ಜನಕ್ಕೆ ಮಾಡುತ್ತಿದ್ದಳು. ಆದರೆ ಎಲ್ಡನ್ ಒಂದು ವಿಷಯ ಗಮನಿಸಿದ್ದ: ಆ ದೊಡ್ಡ ಕಟ್ಟಡದಲ್ಲಿ ಟ್ರ್ಯಾಕಿನ ಕಡೆಗೆ ಒಂದೂ ಕಿಟಕಿ ಇರಲಿಲ್ಲ. ಒಳಗೆ ಯಂತ್ರದ ಮುಂದೆ ಕೂತವರಿಗೆ ಹಿಂದುಗಡೆ ಕುದುರೆ ಓಡುತ್ತಿರುವುದು ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ಒಂದೊಂದೇ ಕಳಚುತ್ತಾ ಬಂತು. ವರ್ಷಕ್ಕೆ ನೂರಿಪ್ಪತ್ತು ದಿನ ಇದ್ದ ಓಟ ಎಂಬತ್ತಾಯಿತು, ನಲವತ್ತಾಯಿತು. ಗ್ಯಾಲರಿಗೆ ಬೀಗ ಬಿತ್ತು, ಜನ ಬೇಲಿಯ ಪಕ್ಕ ನಿಂತು ನೋಡಬೇಕಾಯಿತು. ಓಟದ ಸಮಯವನ್ನು ಮಂಗಳವಾರ ಬೆಳಿಗ್ಗೆಗೆ ತಳ್ಳಿದರು. ಪ್ರತಿವರ್ಷ ವಸಂತದಲ್ಲಿ ಹೊಸ ಜೇಡಿಮಣ್ಣು ತರಿಸುವ ಪದ್ಧತಿ ನಿಂತಿತು. ಎಲ್ಡನ್ ಇದ್ದ ಮಣ್ಣನ್ನೇ ಈ ತಿರುವಿನಿಂದ ಆ ತಿರುವಿಗೆ ಎಳೆದು, ತೇಪೆ ಹಾಕುತ್ತಾ ಏಳು ವರ್ಷ ತಳ್ಳಿದ. ಕೊನೆಗೆ ಮೊದಲ ತಿರುವಿನಲ್ಲಿ ಕುದುರೆ ಬಿತ್ತು. ಅವನು ಕಾಗದ ಬರೆದ.

ಕಾಗದ ತೆಗೆದುಕೊಂಡ ಕ್ಯಾಸಿನೊ ಮ್ಯಾನೇಜರ್ ಕಿಂಬಲ್ ಎದ್ದು ನಿಂತು ಕೈಕುಲುಕಿದ. ಮೂವತ್ತೆಂಟರ ವಯಸ್ಸು, ನಗುಮುಖ. "ಮಿಸ್ಟರ್ ಮಿಶೋ, ಇದೇ ನೋಡಿ ನಮಗೆ ಬೇಕಾಗಿರೋದು. ಹೀಗೆ ಬರವಣಿಗೇಲಿ ಕೊಟ್ರೆ ಮೇಲಿನವರಿಗೆ ಕಳಿಸೋಕೆ ನಮಗೂ ಅನುಕೂಲ."

"ಹಿಮ ಬೀಳೋದ್ರೊಳಗೆ ಆದ್ರೆ ಒಳ್ಳೇದು," ಎಂದ ಎಲ್ಡನ್.

"ಖಂಡಿತ ನೋಡ್ತೀವಿ. ನಿಮ್ಮಂಥವರು ಇರೋದು ನಮ್ಮ ಪುಣ್ಯ."

ಹಿಮ ಬಿತ್ತು, ಕರಗಿತು. ಜೇಡಿಮಣ್ಣಿನ ಲಾರಿ ಬರಲಿಲ್ಲ. ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು: ಕುದುರೆ ಓಟ ಇಲ್ಲದೆಯೂ ಕ್ಯಾಸಿನೊ ನಡೆಸಲು ಬಿಡಬೇಕೆಂದು ಕಂಪನಿ ರಾಜ್ಯದ ಶಾಸನಸಭೆಯ ಮುಂದೆ ಹೋಗಿದೆ. ಸಾರ್ವಜನಿಕರ ಅಹವಾಲು ಕೇಳಲು ಸಮಿತಿಯೊಂದು ಕೂರುತ್ತದೆ.

ಬರ್ಟಿ ಮತ್ತು ಎಲ್ಡನ್ ಅವನ ಟ್ರಕ್ಕಿನಲ್ಲಿ ರಾಜಧಾನಿಗೆ ಹೊರಟರು. ಆಗ ಅವಳಿಗೆ ಎಪ್ಪತ್ನಾಲ್ಕು. ಊರಿನ ಟ್ರ್ಯಾಕಿನಲ್ಲಿ ಸ್ವಂತ ಕುದುರೆ ಇಟ್ಟುಕೊಂಡು ಉಳಿದ ಒಂಬತ್ತು ಜನರಲ್ಲಿ ಅವಳೊಬ್ಬಳು. ಇದ್ದದ್ದು ಎರಡು ಕುದುರೆ, ಅದರಲ್ಲಿ ಟ್ಯಾನ್ಸಿ ಎಂಬ ಕಂದು ಹೆಣ್ಣು ಕುದುರೆಯೆಂದರೆ ಅವಳಿಗೆ ಪ್ರಾಣ. ಅಣ್ಣನ ಶವಸಂಸ್ಕಾರಕ್ಕೆ ಹೊಲಿಸಿದ್ದ ಕಪ್ಪು ಕೋಟು ಹಾಕಿಕೊಂಡಿದ್ದಳು. ದಾರಿಯುದ್ದಕ್ಕೂ ಖುಷಿಯಾಗಿಯೇ ಇದ್ದಳು. "ಎರಡೇ ನಿಮಿಷ ಕೊಡ್ತಾರಂತೆ. ಒಂದು ಮೈಲಿ ಓಡೋಕೆ ಟ್ಯಾನ್ಸಿಗೆ ಅಷ್ಟೇ ಸಾಕಾಗಿತ್ತು, ನಂಗೂ ಸಾಕು," ಎಂದು ನಕ್ಕಳು.

ನಿಜಕ್ಕೂ ಸಾಕಾಯಿತು. ಅವಳು ಹೊಲಗಳ ವಿಷಯ ಹೇಳಿದಳು, ಹುಲ್ಲು ಬೆಳೆಯುವವರ, ಲಾಳ ಕಟ್ಟುವವರ, ಸಜ್ಜು ಹೊಲಿಯುವವರ ವಿಷಯ ಹೇಳಿದಳು. ಹದಿನಾರು ವರ್ಷದ ಹಿಂದೆ ಈ ಕಂಪನಿಯೇ ಏನು ಮಾತು ಕೊಟ್ಟಿತ್ತೆಂದು ಅವರದೇ ಕರಪತ್ರ ಎತ್ತಿ ಓದಿದಳು. ಸಮಿತಿಯ ಇಬ್ಬರು ಸದಸ್ಯರು ಪೆನ್ನು ತೆಗೆದು ಏನೋ ಬರೆದುಕೊಂಡರು. ಗೆದ್ದೆವು ಎಂದೇ ಎಲ್ಡನ್‌ಗೆ ಅನ್ನಿಸಿತು.

ಆಮೇಲೆ ಅವನ ಸರದಿ. ಅವನು ತನ್ನ ಹೆಸರು, ಕೆಲಸ ಹೇಳಿ ಮುಗಿಸುವಷ್ಟರಲ್ಲಿ ಕಂಪನಿಯ ವಕೀಲೆ ಅಧ್ಯಕ್ಷೆಯ ಅನುಮತಿ ಪಡೆದು ಒಂದು ಕಾಗದ ತಂದು ಅವನ ಮುಂದೆ ಇಟ್ಟಳು.

"ಇದು ನೀವು ಬರೆದಿದ್ದಾ, ಮಿಸ್ಟರ್ ಮಿಶೋ?"

ಅವನದೇ ಅಕ್ಷರ. "ಹೌದು."

"ಮೂವತ್ತೊಂಬತ್ತು ವರ್ಷದ ಅನುಭವದಿಂದ ಬರೆದಿದ್ದು, ಅಲ್ವಾ?"

"ಹೌದಮ್ಮ. ಆದ್ರೆ ಅದು ದುರಸ್ತಿ ಮಾಡಿಸಿ ಅಂತ..."

"ಅದಕ್ಕೆ ಬರ್ತೀನಿ. ಇದರಲ್ಲಿ, 'ಇನ್ನೂ ದೊಡ್ಡ ಅನಾಹುತ ಆಗುತ್ತದೆ' ಅಂತ ಬರೆದಿದ್ದೀರಿ. ಇವತ್ತು, ಈ ಕ್ಷಣ, ಆ ಟ್ರ್ಯಾಕಿನ ಮೇಲೆ ಒಬ್ಬ ಮನುಷ್ಯನನ್ನ ಕೂರಿಸಿ ಓಡಿಸೋದು ಸುರಕ್ಷಿತವಾ?"

ಎಲ್ಡನ್ ಹಿಂದೆ ತಿರುಗಿ ನೋಡಿದ. ಬರ್ಟಿ ಎರಡನೇ ಸಾಲಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಅವಳು ಗಲ್ಲವನ್ನು ಸ್ವಲ್ಪವೇ ಮೇಲೆತ್ತಿದಳು, ಹೇಳಿಬಿಡು ಎಂಬಂತೆ. ಏನು ಹೇಳು ಎಂದಿದ್ದಳೆಂದು ಅವನಿಗೆ ಎಂದಿಗೂ ತಿಳಿಯಲಿಲ್ಲ.

"ಮೊದಲನೇ ತಿರುವು ಸುರಕ್ಷಿತ ಅಲ್ಲ," ಎಂದ.

"ಧನ್ಯವಾದ," ಎಂದಳು ವಕೀಲೆ. ಜನರ ಪ್ರಾಣದ ಪ್ರಶ್ನೆ ಇದು, ಪ್ರತಿ ಮಂಗಳವಾರ ಸರಾಸರಿ ನಲವತ್ತೊಂದು ಪ್ರೇಕ್ಷಕರಿಗಾಗಿ ಈ ಅಪಾಯ ಎಳೆದುಕೊಳ್ಳಬೇಕೆ ಎಂದು ಸಮಿತಿಯತ್ತ ತಿರುಗಿ ಕೇಳಿದಳು. ಮಣ್ಣು ಹಾಕಿದರೆ ಸರಿಹೋಗುತ್ತದೆ, ಹಾಕದೆ ಬಿಟ್ಟವರೇ ಇವರು ಎಂದು ಎಲ್ಡನ್ ಹೇಳಲು ಹೊರಟ. ಮುಂದಿದ್ದ ಪುಟ್ಟ ದೀಪ ಕೆಂಪಾಯಿತು. ಅಧ್ಯಕ್ಷೆ ಮೃದುವಾಗಿಯೇ, "ನಿಮ್ಮ ಸಮಯ ಮುಗೀತು, ಸರ್," ಎಂದಳು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅವನು ಕಾಫಿಗೆ ನಿಲ್ಲಿಸಿದ. ಅವಳು ಇಳಿಯಲಿಲ್ಲ. ಅವಳಿಗೊಂದು ತಂದು ಕೊಟ್ಟ, ಅದು ಅವಳ ಕೈಯಲ್ಲೇ ಆರಿತು.

"ಬರ್ಟಿ, ನಾನು ಬೇರೆ ಏನು ಹೇಳೋಕಾಗ್ತಿತ್ತು?"

"ಏನೂ ಇಲ್ಲ ಬಿಡು."

"ಅವರು ಅದನ್ನ ಹೀಗೆ ಬಳಸ್ಕೋತಾರೆ ಅಂತ..."

"ಎಲ್ಡನ್, ರಸ್ತೆ ನೋಡ್ಕೊಂಡು ಓಡಿಸು."

ಮಸೂದೆ ಜೂನ್‌ನಲ್ಲಿ ಪಾಸಾಯಿತು. ಕೊನೆಯ ಓಟ ಅಕ್ಟೋಬರಿನ ಒಂದು ಮಂಗಳವಾರ. ಅವತ್ತು ಮಾತ್ರ ಬೇಲಿಯ ಉದ್ದಕ್ಕೂ ಜನ ತುಂಬಿದ್ದರು. ಎಷ್ಟೋ ವರ್ಷ ಇತ್ತ ತಲೆ ಹಾಕದವರು ಮಡಚುವ ಕುರ್ಚಿ ಸಮೇತ ಬಂದಿದ್ದರು. ಒಬ್ಬ ಮುದುಕ ಎಲ್ಡನ್‌ನ ಹೆಗಲು ತಟ್ಟಿ, "ಛೆ, ಎಂಥ ಅನ್ಯಾಯ ಆಗೋಯ್ತು," ಎಂದ. "ಹೋದ ಮಂಗಳವಾರ ಎಲ್ಲಿದ್ದೆ?" ಎಂದು ಎಲ್ಡನ್ ಕೇಳಿದ. ಮುದುಕ ನೊಂದುಕೊಂಡು ಆಚೆ ಹೋದ. ಹಾಗೆ ಕೇಳಬಾರದಿತ್ತು ಎಂದು ಎಲ್ಡನ್‌ಗೆ ಆಮೇಲೆ ಅನ್ನಿಸಿತು. ಮೊದಲ ತಿರುವಿನಲ್ಲಿ ನಿಧಾನ ಮಾಡಬೇಕೆಂದು ಎಲ್ಲ ಗಾಡಿಗಳಿಗೂ ಎಚ್ಚರಿಕೆ ಕೊಟ್ಟಿದ್ದರು. ಅಲ್ಲಿ ಕುದುರೆಗಳು ಮದುವೆ ಮೆರವಣಿಗೆಯ ಹಾಗೆ ಹೋದವು. ಟ್ಯಾನ್ಸಿ ಐದನೆಯದಾಗಿ ಬಂತು.

ವಾರದೊಳಗೆ ಲಾಯಗಳನ್ನು ಖಾಲಿ ಮಾಡಬೇಕಿತ್ತು. ಕೆಲವು ಕುದುರೆ ಬೇರೆ ರಾಜ್ಯದ ಟ್ರ್ಯಾಕುಗಳಿಗೆ ಹೋದವು. ಬರ್ಟಿಯ ಎರಡನ್ನೂ ಯಾರೂ ಕೇಳಲಿಲ್ಲ, ವಯಸ್ಸಾಗಿತ್ತು. ಕೊನೆಗೆ ಉತ್ತರದ ಕಣಿವೆಯಿಂದ ಗಡ್ಡದ ಅಮಿಶ್ ರೈತನೊಬ್ಬ ಬಂದು ನೋಡಿದ. ಅವರು ಮೋಟಾರು ಮುಟ್ಟದ ಜನ, ಚರ್ಚಿಗೂ ಅಂಗಡಿಗೂ ಕುದುರೆ ಬಂಡಿಯಲ್ಲೇ ಹೋಗುವವರು. ಅವನು ಟ್ಯಾನ್ಸಿಯ ಬಾಯಿ ತೆರೆದು ಹಲ್ಲು ನೋಡಿ, ಕಾಲು ಸವರಿ, "ಆಗುತ್ತೆ," ಎಂದ. ಬರ್ಟಿ ಅದರ ಹಿಂದಿನ ಎಡಗಾಲಿನ ವಿಷಯ, ಅದಕ್ಕೆ ಗುಡುಗೆಂದರೆ ಹೆದರಿಕೆ ಎಂಬ ವಿಷಯ ಎಲ್ಲ ಹೇಳಿದಳು. ರೈತ ಮರ್ಯಾದೆಯಿಂದ ಕೇಳಿಸಿಕೊಂಡು ಎರಡನ್ನೂ ಕರೆದೊಯ್ದ.

ಆಮೇಲೆ ಅವಳು ಓಹಾಯೋದಲ್ಲಿದ್ದ ತಂಗಿಯ ಮಗಳ ಮನೆಗೆ ಹೊರಟಳು. ಲಾಯದ ಪಕ್ಕದ ಅವಳ ಮನೆಯೂ ಟ್ರ್ಯಾಕಿನ ಜಾಗದಲ್ಲೇ ಇತ್ತು, ಅದನ್ನೂ ಬಿಡಬೇಕಾಯಿತು. ಎಲ್ಡನ್ ಪೆಟ್ಟಿಗೆ ಎತ್ತಿಡಲು ಹೋದ. ಅವಳು ಬೇಡವೆನ್ನಲಿಲ್ಲ. ಬಸ್ಸು ಬರುವ ಮೊದಲು, "ನೀನು ಕೊಟ್ಟ ಮಾತು ನಾನು ನಂಬಿದ್ದು ನನ್ನ ತಪ್ಪು. ನಿನ್ನ ಮೇಲೆ ಹೊರಿಸಲ್ಲ," ಎಂದಳು. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. "ಒಂದು ಕೆಲಸ ಮಾಡು. ಯಾವಾಗಲಾದ್ರೂ ಆ ಕಡೆ ಹೋದ್ರೆ ಟ್ಯಾನ್ಸಿನ ನೋಡ್ಕೊಂಡು ಬಾ," ಎಂದು ಬಸ್ಸು ಹತ್ತಿದಳು.

ನವೆಂಬರಿನಲ್ಲಿ ಕಿಂಬಲ್ ಎಲ್ಡನ್‌ನನ್ನು ಕರೆಸಿದ. ಟ್ರ್ಯಾಕನ್ನು ಅಗೆದು ತೆಗೆದು, ಕಾರು ನಿಲ್ಲಿಸುವ ಜಾಗ ಮಾಡಬೇಕು. ನೀರು ಬಸಿದು ಹೋಗಲು ಅಡಿಯಲ್ಲಿ ಹೂತ ಕೊಳವೆಗಳು ಎಲ್ಲೆಲ್ಲಿವೆಯೆಂದು ನಕ್ಷೆಯಿಲ್ಲ, ಬಲ್ಲವನು ಅವನೊಬ್ಬನೇ. ಎಲ್ಡನ್ ಮನೆಗೆ ಬಂದು ಕ್ಲೋಡೆಟ್‌ಗೆ ಹೇಳಿದ. ಅವಳು ಅಡುಗೆಮನೆಯ ಸಮವಸ್ತ್ರದಲ್ಲೇ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು.

"ಏನಂದೆ?"

"ಯೋಚ್ನೆ ಮಾಡ್ತೀನಿ ಅಂದೆ."

"ಮಾಡು. ಆದ್ರೆ ನೀನು ಆಗಲ್ಲ ಅಂದ್ರೆ ಬೇರೆಯವರು ಬರ್ತಾರೆ. ನಾನೂ ಅಲ್ಲೇ ಕೆಲಸಕ್ಕೆ ಹೋಗ್ಬೇಕು, ನೆನಪಿರಲಿ."

"ಅಪ್ಪ ಅಗೆದಿದ್ದು ಕಣೇ ಅದು."

"ಗೊತ್ತು," ಎಂದಳು. ಎದ್ದು ಬಂದು ಅವನ ಮುಂದೆ ಸೂಪು ಇಟ್ಟಳು.

ಅವನು ಒಪ್ಪಿಕೊಂಡ. ನೆಲ ಹೆಪ್ಪುಗಟ್ಟುವ ಮೊದಲು ಮುಗಿಸಬೇಕಿತ್ತು. ಅಂತಿಮ ರೇಖೆಯಿಂದ ಶುರುಮಾಡಿ, ಅಗೆಯುವ ಯಂತ್ರವನ್ನು ಓಟದ ವಿರುದ್ಧ ದಿಕ್ಕಿನಲ್ಲಿ ಸುತ್ತಿಸಿಕೊಂಡು, ಮೊದಲ ತಿರುವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡ. ಅಲ್ಲಿ ಮೂರಡಿ ಕೆಳಗೆ ಅಪ್ಪ ಹೂತಿದ್ದ ಸುಟ್ಟಮಣ್ಣಿನ ಕೊಳವೆಗಳು ಸಿಕ್ಕವು. ಇಳಿದು, ಮೊಣಕಾಲೂರಿ, ಕೈಯಿಂದ ಕೆಸರು ಸರಿಸಿ ನೋಡಿದ. ಸಾಲಿನಲ್ಲಿ ಒಡೆದಿದ್ದದ್ದು ಹನ್ನೊಂದು ಕೊಳವೆ ಮಾತ್ರ. ಮೇಪಲ್ ಮರದ ಬೇರೊಂದು ಒಳಗೆ ನುಗ್ಗಿ ಅವನ್ನು ಸೀಳಿತ್ತು. ಉಳಿದವೆಲ್ಲ ನಿನ್ನೆ ಇಟ್ಟಂತಿದ್ದವು. ಬದಲಾಯಿಸಲು ಇಬ್ಬರು ಆಳು, ಎರಡು ದಿನದ ಕೆಲಸ. ತಾನು ಏಳು ವರ್ಷ ಮೇಲೆ ಮೇಲೆ ಮಣ್ಣು ಎಳೆಯುತ್ತಾ ಕೂತೆನೇ ಹೊರತು, ಒಂದು ದಿನವಾದರೂ ಸನಿಕೆ ಹಿಡಿದು ಇಲ್ಲಿ ಅಗೆದು ನೋಡಲಿಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಅಪ್ಪ ಬದುಕಿದ್ದರೆ ಮೊದಲ ವಸಂತದಲ್ಲೇ ಅಗೆಯುತ್ತಿದ್ದ. ಎಲ್ಡನ್ ಆ ಗುಂಡಿಯಲ್ಲಿ ಬಹಳ ಹೊತ್ತು ಕೂತಿದ್ದ. ಆಮೇಲೆ ಯಂತ್ರ ಹತ್ತಿ, ಒಡೆದವನ್ನೂ ಒಡೆಯದವನ್ನೂ ಒಟ್ಟಿಗೆ ಬಾಚಿ ಲಾರಿಗೆ ತುಂಬಿದ. ಈ ವಿಷಯವನ್ನು ಕ್ಲೋಡೆಟ್‌ಗೂ ಹೇಳಲಿಲ್ಲ.

ಜನವರಿಯಲ್ಲಿ ಅವನು ಅಮಿಶ್ ಕಣಿವೆಗೆ ಹೋದ. ರೈತನ ಹೆಂಡತಿ ಗಂಡ ಪೇಟೆಯಿಂದ ಬರುವ ಹೊತ್ತೆಂದು ಹೇಳಿ ಬೆಚ್ಚಗೆ ಒಳಗೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಡಾಂಬರು ರಸ್ತೆಯ ಮೇಲೆ ಲಾಳದ ಸದ್ದು ಕೇಳಿತು. ಕಪ್ಪು ಬಂಡಿಯ ಮುಂದೆ ಟ್ಯಾನ್ಸಿ. ಗಟ್ಟಿ ರಸ್ತೆಗೆ ಅದರ ಮುಂಗಾಲುಗಳ ಮಂಡಿ ಎರಡೂ ಊದಿದ್ದವು. ಹಿಂದಿನ ಎಡಗಾಲನ್ನು ಎಳೆದು ಹಾಕುತ್ತಿತ್ತು. ರೈತ ಕೆಟ್ಟವನೇನಲ್ಲ. ಇಳಿದ ಕೂಡಲೇ ಅದಕ್ಕೆ ಕಂಬಳಿ ಹೊದಿಸಿದ. "ಒಳ್ಳೆ ಕುದುರೆ. ಆದ್ರೆ ಈ ಚಳಿಗಾಲ ದಾಟೋದು ಕಷ್ಟ," ಎಂದ. ಎಲ್ಡನ್ ಅದರ ಮೂಗು ಸವರಿದ. ಅದು ಅವನ ಕೋಟಿನ ಜೇಬು ಮೂಸಿತು. ಏನೂ ತಂದಿರಲಿಲ್ಲ ಅವನು.

ಮರುದಿನ ಬರ್ಟಿಗೆ ಫೋನು ಮಾಡಿದ.

"ಹೋಗಿದ್ದೆ," ಎಂದ. "ಟ್ಯಾನ್ಸಿ ಚೆನ್ನಾಗಿದೆ. ಮೈ ಕೈ ತುಂಬ್ಕೊಂಡಿದೆ."

"ಎಡಗಾಲು?"

"ಪರವಾಗಿಲ್ಲ. ಎತ್ತಿ ಹಾಕ್ತಿದೆ."

ಆ ಕಡೆ ಯಾರದೋ ಟೀವಿ ಕೇಳಿಸುತ್ತಿತ್ತು. "ಮಂಡಿ ನೋಡಿದ್ಯಾ?" ಎಂದಳು.

"ನೋಡ್ದೆ. ಚೆನ್ನಾಗಿದೆ ಬರ್ಟಿ."

"ಹೂಂ." ಅವಳು ಉಸಿರೆಳೆದುಕೊಂಡದ್ದು ಅವನಿಗೆ ಕೇಳಿಸಿತು. "ಇಲ್ಲಿ ಊಟಕ್ಕೆ ಕರೀತಿದಾರೆ. ಇಡ್ತೀನಿ."

ಬರ್ಟಿ ಮಾರ್ಚಿನಲ್ಲಿ ತೀರಿಕೊಂಡಳು. ತಂಗಿಯ ಮಗಳು ಕಳಿಸಿದ ಕಾರ್ಡು ಕ್ಲೋಡೆಟ್ ಕೈಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಹತ್ತು ದಿನ ಆಗಿತ್ತು. ಟ್ಯಾನ್ಸಿ ಫೆಬ್ರವರಿಯಲ್ಲೇ ಹೋಗಿತ್ತಂತೆ. ಎಲ್ಡನ್‌ಗೆ ಅದು ಗೊತ್ತಾದದ್ದು ಆಮೇಲೆ, ಬೇಸಿಗೆಯಲ್ಲಿ, ಮಾರುಕಟ್ಟೆಯಲ್ಲಿ ಆ ರೈತ ಟೊಮೇಟೊ ಮಾರುತ್ತಾ ಸಿಕ್ಕಾಗ. ಎಲ್ಡನ್ ಅವನ ಹತ್ತಿರ ಅರ್ಧ ಬುಟ್ಟಿ ಟೊಮೇಟೊ ಕೊಂಡು ಮನೆಗೆ ಬಂದ.